ವಿಕ್ಟೋರಿಯಾ ಯುಗದ ಧಾರಾವಾಹಿ ಕಾದಂಬರಿಗಳಲ್ಲಿ ಚಿತ್ರಗಳು

ಇಂಗ್ಲೆಂಡಿನಲ್ಲಿ ವಿಕ್ಟೋರಿಯಾ ರಾಣಿ ಆಳಿದ ಕಾಲದ (1837–1901) ಹೆಸರಾಂತ ಕಾದಂಬರಿಗಳಲ್ಲಿ ಅನೇಕವು ಓದುಗರ ಕೈಗೆ ಮೊದಲು ಬಂದದ್ದು ಕಂತುಗಳಾಗಿ. ತಿಂಗಳಿಗೊಂದು ತೆಳು ಸಂಚಿಕೆಯಾಗಿಯೋ ಪತ್ರಿಕೆಯೊಳಗಿನ ಧಾರಾವಾಹಿಯಾಗಿಯೋ ಒಂದು ವರ್ಷ, ಒಂದೂವರೆ ವರ್ಷ ನಡೆಯುತ್ತಿದ್ದ ಈ ಕಥೆಗಳ ಜೊತೆಗೆ ಚಿತ್ರಗಳೂ ಅಚ್ಚಾಗುತ್ತಿದ್ದವು. ಇವನ್ನು ಬರಿಯ ಪುಟದ ಅಲಂಕಾರವೆಂದು ಎಣಿಸುವುದು ತಪ್ಪು. ಅವು ಮುಂದೆ ಆಗುವುದನ್ನು ಮೊದಲೇ ಸೂಚಿಸಿದವು, ತಿಂಗಳುಗಳ ಹಿಂದಿನದನ್ನು ನೆನಪಿಗೆ ತಂದವು, ಬರಹ ಬಾಯಿಬಿಟ್ಟು ಹೇಳದುದನ್ನು ಹೇಳಿದವು, ಕೆಲವೊಮ್ಮೆ ಬರಹಕ್ಕೆ ಎದುರಾಗಿಯೂ ನಿಂತವು. ಆ ಕಾಲದ ಓದುಗರ ಪಾಲಿಗೆ ಅಕ್ಷರವೂ ಚಿತ್ರವೂ ಸೇರಿಯೇ ಕಾದಂಬರಿ.

ಈ ಪದ್ಧತಿಗೆ ನೆಲೆ ಸಿಕ್ಕಿದ್ದು ಚಾರ್ಲ್ಸ್ ಡಿಕನ್ಸ್‌ನ ‘ಪಿಕ್‌ವಿಕ್ ಪೇಪರ್ಸ್’ನಿಂದ (1836–37). ಅಲ್ಲಿ ಮೊದಲು ಹುಟ್ಟಿದ್ದು ಚಿತ್ರದ ಯೋಜನೆ, ಕಥೆಯದಲ್ಲ. ರಾಬರ್ಟ್ ಸೀಮೋರ್ ಎಂಬ ಹೆಸರುವಾಸಿ ಚಿತ್ರಕಾರ ಬೇಟೆ, ಮೀನುಗಾರಿಕೆಗಳಲ್ಲಿ ಎಡವುವ ಪಟ್ಟಣಿಗರ ಹಾಸ್ಯಚಿತ್ರಗಳ ಸರಣಿಯೊಂದನ್ನು ಹವಣಿಸಿದ್ದ. ಅವಕ್ಕೆ ಹೊಂದುವಂತೆ ಬರೆದುಕೊಡಲು ಚಾಪ್‌ಮನ್ ಅಂಡ್ ಹಾಲ್ ಪ್ರಕಾಶನ ಸಂಸ್ಥೆ ಇಪ್ಪತ್ತನಾಲ್ಕು ವರ್ಷದ ಡಿಕನ್ಸ್‌ನನ್ನು ಕರೆಯಿತು. ಚಿತ್ರಗಳು ಕಥೆಯೊಳಗಿಂದ ಹುಟ್ಟಬೇಕು ಎಂದು ಡಿಕನ್ಸ್ ಪಟ್ಟು ಹಿಡಿದ. ಮೊದಲ ಸಂಚಿಕೆ ಹೊರಬಂದ ಕೆಲವೇ ವಾರಗಳಲ್ಲಿ, 1836ರ ಏಪ್ರಿಲ್ 20ರಂದು, ಸೀಮೋರ್ ಆತ್ಮಹತ್ಯೆ ಮಾಡಿಕೊಂಡ. ಮೂರನೆಯ ಸಂಚಿಕೆಗೆ ರಾಬರ್ಟ್ ಬಸ್ ಚಿತ್ರ ಬರೆದರೂ ಅವು ಹಿಡಿಸಲಿಲ್ಲ. ಆ ಕೆಲಸ ಕೇಳಿಕೊಂಡು ಬಂದು ನಿರಾಶರಾದವರಲ್ಲಿ ಮುಂದೆ ಕಾದಂಬರಿಕಾರನಾಗಿ ಹೆಸರು ಮಾಡಿದ ವಿಲಿಯಂ ಥ್ಯಾಕರೆಯೂ ಒಬ್ಬ. ಕೊನೆಗೆ ಆಯ್ಕೆಯಾದವನು ಹ್ಯಾಬ್ಲೋ ನೈಟ್ ಬ್ರೌನ್. ‘ಫಿಜ್’ ಎಂಬ ಅಂಕಿತದಲ್ಲಿ ಡಿಕನ್ಸ್‌ನ ಹತ್ತು ಕಾದಂಬರಿಗಳಿಗೆ ಇವನು ಚಿತ್ರ ಬರೆದ. ಸಂಚಿಕೆಯ ರೂಪವೂ ಇದೇ ಹೊತ್ತಿಗೆ ಗಟ್ಟಿಯಾಯಿತು: 24 ಪುಟ, ನಾಲ್ಕು ಚಿತ್ರಗಳ ಬದಲು 32 ಪುಟ, ಎರಡು ಚಿತ್ರ, ಬೆಲೆ ಒಂದು ಶಿಲ್ಲಿಂಗ್, ಒಟ್ಟು ಇಪ್ಪತ್ತು ಭಾಗ, ಕೊನೆಯ ಎರಡು ಒಟ್ಟಾಗಿ. ಮೊದಲ ಸಂಚಿಕೆ ಅಚ್ಚಾದದ್ದು ಸಾವಿರ ಪ್ರತಿ. ಮುಗಿಯುವ ಹೊತ್ತಿಗೆ ಮಾರಾಟ ನಲವತ್ತು ಸಾವಿರದ ಹತ್ತಿರ ಹೋಗಿತ್ತು. ಚಿತ್ರಕ್ಕೆ ಬರಹ ಒದಗಿಸುವ ಕೆಲಸವಾಗಿ ಶುರುವಾದದ್ದು ಬರಹಕ್ಕೆ ಚಿತ್ರ ಒದಗಿಸುವ ಕೆಲಸವಾಗಿ ತಿರುಗಿದ್ದು ಹೀಗೆ. ಆದರೂ ಚಿತ್ರ ತನ್ನ ಮೊದಲಿನ ಹಕ್ಕನ್ನು ಪೂರ್ತಿ ಬಿಟ್ಟುಕೊಡಲಿಲ್ಲ.

ಸಂಚಿಕೆಯ ಕಟ್ಟಣೆಯನ್ನು ಗಮನಿಸಿದರೆ ಇದು ತಿಳಿಯುತ್ತದೆ. ಮೇಲೊಂದು ಬಣ್ಣದ ಕಾಗದದ ಹೊದಿಕೆ, ಡಿಕನ್ಸ್‌ನದು ನೀಲಿಹಸಿರು, ಥ್ಯಾಕರೆಯದು ಹಳದಿ. ಒಳಗೆ ಜಾಹೀರಾತಿನ ಹಾಳೆಗಳು, ಅವುಗಳ ಬೆನ್ನಿಗೆ ಎರಡು ಚಿತ್ರಗಳು, ಆಮೇಲೆ ಕಥೆ. ಅಂದರೆ ಆ ತಿಂಗಳು ಏನಾಯಿತೆಂದು ಓದುವ ಮೊದಲೇ ಅದರ ಎರಡು ಘಟ್ಟಗಳು ಕಣ್ಣಿಗೆ ಬೀಳುತ್ತಿದ್ದವು. ಯಾರೋ ಮಂಡಿಯೂರಿದ್ದಾರೆ, ಯಾರೋ ಬಾಗಿಲಲ್ಲಿ ಬೆಚ್ಚಿ ನಿಂತಿದ್ದಾರೆ, ಅಡಿಯಲ್ಲಿ ಒಂದೇ ಸಾಲಿನ ಶೀರ್ಷಿಕೆ. ಇವರು ಈ ಸ್ಥಿತಿಗೆ ಹೇಗೆ ಬಂದರು ಎಂಬ ಪ್ರಶ್ನೆಯನ್ನು ಹೊತ್ತುಕೊಂಡೇ ಓದು ಆರಂಭವಾಗುತ್ತಿತ್ತು. ಕುತೂಹಲವೆಂದರೆ ಮುಂದಿನದು ತಿಳಿಯದಿರುವುದು ಎಂದು ನಾವು ಎಣಿಸುತ್ತೇವೆ. ಈ ಸಂಚಿಕೆಗಳಲ್ಲಿ ಅರ್ಧ ತಿಳಿದದ್ದರಿಂದಲೇ ಕುತೂಹಲ ಹುಟ್ಟುತ್ತಿತ್ತು. ಮನೆಮಂದಿ ಸುತ್ತ ಕುಳಿತು ಒಬ್ಬರು ಗಟ್ಟಿಯಾಗಿ ಓದುವ ರೂಢಿ ಇದ್ದ ಕಾಲವಾದ್ದರಿಂದ ಅಕ್ಷರ ಬಾರದವರಿಗೂ ಚಿತ್ರದಲ್ಲಿ ಪಾಲಿತ್ತು.

ಹೊದಿಕೆಯ ಚಿತ್ರಕ್ಕೆ ಇನ್ನೊಂದು ಬಗೆಯ ಕೆಲಸವಿತ್ತು. ಕಥೆಯ ಬಹುಭಾಗ ಬರೆಯುವ ಮೊದಲೇ ಅದನ್ನು ಸಿದ್ಧಪಡಿಸಿ, ಕೊನೆಯ ಸಂಚಿಕೆಯವರೆಗೂ ಅದನ್ನೇ ಬಳಸುತ್ತಿದ್ದರು. ಹಾಗಾಗಿ ಲೇಖಕನ ಮನಸ್ಸಿನಲ್ಲಿದ್ದ ಒಟ್ಟು ನಕ್ಷೆ ಅದರಲ್ಲಿ ಮಸುಕಾಗಿ ಮೂಡುತ್ತಿತ್ತು. ‘ಲಿಟಲ್ ಡೋರಿಟ್’ (1855–57) ಹೊದಿಕೆಯ ಮೇಲ್ಭಾಗದಲ್ಲಿ ಬ್ರಿಟಾನಿಯಾ ದೇವಿ ರೋಗಿಗಳ ಗಾಲಿಕುರ್ಚಿಯಲ್ಲಿ ಕುಳಿತಿದ್ದಾಳೆ, ಕೈಲಾಗದ ಮುದುಕರೂ ಕೋಡಂಗಿಗಳೂ ಅವಳ ಮೆರವಣಿಗೆ ನಡೆಸಿದ್ದಾರೆ. ಸರ್ಕಾರಿ ಕಚೇರಿಯ ಜಡತ್ವದ ಮೇಲೆ ಕಾದಂಬರಿ ಮಾಡಲಿರುವ ದಾಳಿಯನ್ನು ಓದುಗ ಒಂದು ಸಾಲನ್ನೂ ಓದದೆ ಗ್ರಹಿಸಬಹುದಿತ್ತು. ಮೊದಲ ತಿಂಗಳಲ್ಲಿ ಒಗಟಿನಂತೆ ಕಂಡ ಒಂದೊಂದು ಮೂಲೆಯೂ ತಿಂಗಳು ಕಳೆದಂತೆ ಬಿಡಿಸಿಕೊಳ್ಳುತ್ತಿತ್ತು.

ಮುದ್ರಣದ ವಿಧಾನ ಅರ್ಥದ ಮೇಲೆ ನೇರ ಪರಿಣಾಮ ಬೀರಿತು. ಸೀಮೋರ್, ಬ್ರೌನ್, ಜಾರ್ಜ್ ಕ್ರೂಕ್‌ಶಾಂಕ್ ಇವರ ದೊಡ್ಡ ಚಿತ್ರಗಳು ಉಕ್ಕಿನ ತಗಡಿನ ಮೇಲೆ ಆಮ್ಲದಿಂದ ಕೊರೆದವು. ಗೆರೆ ತಗಡಿನೊಳಗೆ ತಗ್ಗಾಗಿರುವುದರಿಂದ ಉಬ್ಬಿದ ಅಚ್ಚುಮೊಳೆಗಳೊಂದಿಗೆ ಅದನ್ನು ಒಂದೇ ಯಂತ್ರದಲ್ಲಿ ಅಚ್ಚುಹಾಕಲು ಬರುವುದಿಲ್ಲ. ಬೇರೆ ಹಾಳೆಯಲ್ಲಿ ಮುದ್ರಿಸಿ ಸಂಚಿಕೆಗೆ ಸೇರಿಸಬೇಕು. ಚಿತ್ರ ಕಥೆಯಿಂದ ದೂರ ನಿಂತದ್ದಕ್ಕೆ ಇದೇ ಕಾರಣ. ಬಾಕ್ಸ್‌ವುಡ್ ಎಂಬ ಗಟ್ಟಿಮರದ ಅಡ್ಡಕೊಯ್ತದ ಮೇಲೆ ಕೆತ್ತಿದ ಮರದಚ್ಚಿನಲ್ಲಾದರೋ ಗೆರೆಗಳೇ ಉಬ್ಬಿರುತ್ತವೆ. ಆದ್ದರಿಂದ ಅದನ್ನು ಅಕ್ಷರಗಳ ನಡುವೆಯೇ, ಬೇಕಾದ ವಾಕ್ಯದ ಪಕ್ಕದಲ್ಲಿಯೇ ಕೂಡಿಸಬಹುದು. ‘ಮಾಸ್ಟರ್ ಹಂಫ್ರೀಸ್ ಕ್ಲಾಕ್’ ಎಂಬ ತನ್ನ ವಾರಪತ್ರಿಕೆಯಲ್ಲಿ (1840–41) ಡಿಕನ್ಸ್ ಈ ಅನುಕೂಲವನ್ನು ಚೆನ್ನಾಗಿ ಬಳಸಿಕೊಂಡ. ಅಲ್ಲಿ ಬಂದ ‘ದಿ ಓಲ್ಡ್ ಕ್ಯೂರಿಯಾಸಿಟಿ ಶಾಪ್’ನಲ್ಲಿ ಓದು ನಿಲ್ಲುವ ಕಡೆಯೇ ನೋಟ ಎದುರಾಗುತ್ತದೆ, ಚಿತ್ರಕಾರ ಕ್ಯಾಟರ್‌ಮೋಲ್ ಬರೆದ, ಬಾಲನಾಯಕಿ ನೆಲ್‌ಳ ಮರಣಶಯ್ಯೆಯ ಚಿತ್ರ ಅಷ್ಟು ಜನರನ್ನು ಕಲಕಿದ್ದರಲ್ಲಿ ಈ ಸಾಮೀಪ್ಯದ ಪಾಲೂ ಇದೆ.

ಇದೇ ಕಾದಂಬರಿಯಲ್ಲಿ ಚಿತ್ರವೊಂದು ಮೂಲ ಬರಹವನ್ನೇ ತಿದ್ದಿಸಿದ ಪ್ರಸಂಗವಿದೆ. ಹಳೆಯ, ವಿಕಾರವಾದ ಸಾಮಾನುಗಳ ನಡುವೆ ನಿದ್ರಿಸುತ್ತಿರುವ ಪುಟ್ಟ ನೆಲ್‌ಳನ್ನು ಸ್ಯಾಮ್ಯುಯೆಲ್ ವಿಲಿಯಮ್ಸ್ ಚಿತ್ರಿಸಿದ್ದ. ಕವಿ ಥಾಮಸ್ ಹುಡ್ ತನ್ನ ವಿಮರ್ಶೆಯಲ್ಲಿ ಆ ಚಿತ್ರವನ್ನು ಎತ್ತಿಕೊಂಡು, ಕೇಡಿನ ನಡುವೆ ಮುಗ್ಧತೆ ಮಲಗಿರುವ ರೂಪಕವಾಗಿ ಅದನ್ನು ಓದಿದ. ಅದನ್ನು ಮೆಚ್ಚಿದ ಡಿಕನ್ಸ್ ಕಾದಂಬರಿ ಪುಸ್ತಕವಾಗುವಾಗ ಅದೇ ಭಾವದ ಮಾತುಗಳನ್ನು ಆರಂಭದ ಅಧ್ಯಾಯಕ್ಕೆ ಸೇರಿಸಿದ. ಬರಹದಿಂದ ಚಿತ್ರ, ಚಿತ್ರದಿಂದ ವಿಮರ್ಶೆ, ವಿಮರ್ಶೆಯಿಂದ ಮತ್ತೆ ಬರಹ: ಅರ್ಥ ಹೀಗೆ ಸುತ್ತಿ ಬಂದದ್ದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಸಿಗುವುದು ಕಷ್ಟ.

ಬ್ರೌನ್‌ನ ವಿಧಾನದ ಬೇರು ಹದಿನೆಂಟನೆಯ ಶತಮಾನದ ವಿಲಿಯಂ ಹೋಗಾರ್ತ್‌ನಲ್ಲಿದೆ. ಗೋಡೆಯ ಮೇಲಿನ ಪಟ, ಕಪಾಟಿನ ಬೊಂಬೆ, ನಿಂತುಹೋದ ಗಡಿಯಾರ, ನೆಲದ ಮೇಲಿನ ಸಾಕುಪ್ರಾಣಿ ಇವೆಲ್ಲವೂ ಮುಖ್ಯ ಘಟನೆಯ ಮೇಲೆ ಟಿಪ್ಪಣಿ ಮಾಡುವ ಚಿತ್ರಭಾಷೆ ಅವನದು. ‘ಡೇವಿಡ್ ಕಾಪರ್‌ಫೀಲ್ಡ್’ನಲ್ಲಿ (1849–50) ಶಾಲೆಯಿಂದ ಮರಳಿದ ಡೇವಿಡ್, ತಾಯಿ ಹೊಸ ಮಗುವಿಗೆ ಹಾಲೂಡುವುದನ್ನು ಬಾಗಿಲಿಂದ ನೋಡುವ ದೃಶ್ಯವಿದೆ. ಬ್ರೌನ್ ಅಲ್ಲಿನ ಗೋಡೆಗೆ ಬೈಬಲ್ಲಿನ ಎರಡು ಪಟಗಳನ್ನು ತೂಗುಹಾಕುತ್ತಾನೆ. ಒಂದು, ನೀರಿನಲ್ಲಿ ತೇಲಿಬಿಟ್ಟ ಶಿಶು ಮೋಸೆಸ್. ಇನ್ನೊಂದು, ಮನೆಗೆ ಮರಳಿದ ಮಗ. ಹುಡುಗನ ಅನಾಥಭಾವ, ಸ್ವಾಗತದ ಹಂಬಲ ಎರಡೂ ಆ ಪಟಗಳಲ್ಲಿವೆ; ಬರಹದಲ್ಲಿ ಪಟಗಳೇ ಇಲ್ಲ. ‘ಡೊಂಬಿ ಅಂಡ್ ಸನ್’ನಲ್ಲಿ (1846–48) ಗಂಡನನ್ನು ತೊರೆದು ಬಂದ ಎಡಿತ್ ತನಗೆ ವಶಳಾದಳೆಂದು ಬೀಗುವ ಕಾರ್ಕರ್‌ನನ್ನು ತಿರಸ್ಕರಿಸಿ ನಿಲ್ಲುತ್ತಾಳೆ. ಅವರ ಹಿಂದಿನ ಗೋಡೆಯಲ್ಲಿ ಜೂಡಿತ್ ಎಂಬಾಕೆ ಸೇನಾಪತಿ ಹೋಲೋಫರ್ನಿಸ್‌ನ ತಲೆ ಕತ್ತರಿಸಲು ಸನ್ನದ್ಧಳಾಗಿರುವ ಪಟ. ಎಡಿತ್‌ಳ ಕೈಯಲ್ಲಿ ಕತ್ತಿಯಿಲ್ಲ, ಆದರೆ ಚಿತ್ರ ನೋಡಿದವರಿಗೆ ಅವಳ ಬಲದ ಬಗ್ಗೆ ಅನುಮಾನ ಉಳಿಯುವುದಿಲ್ಲ.

ಬ್ರೌನ್‌ನ ಸಾಧನೆಯ ತುದಿ ‘ಬ್ಲೀಕ್ ಹೌಸ್’ (1852–53). ಅದರ ನಲವತ್ತು ಚಿತ್ರಗಳಲ್ಲಿ ಹತ್ತು ‘ಕಪ್ಪು ಫಲಕ’ಗಳು. ಯಂತ್ರದಿಂದ ತಗಡಿನ ಮೇಲೆ ಒತ್ತೊತ್ತಾಗಿ ಗೆರೆ ಎಳೆದು, ಆ ಮಬ್ಬಿನೊಳಗಿಂದ ಬೆಳಕನ್ನು ಉಳಿಸಿಕೊಳ್ಳುತ್ತ ಹೋಗುವ ಈ ತಂತ್ರವನ್ನು ಅವನು ‘ಡೊಂಬಿ’ಯ ಒಂದು ಚಿತ್ರದಲ್ಲಿ ಮೊದಲು ಪ್ರಯೋಗಿಸಿದ್ದ. ‘ಬ್ಲೀಕ್ ಹೌಸ್’ ಮಂಜು, ಮಸಿ, ಮುಗಿಯದ ನ್ಯಾಯಾಲಯದ ವ್ಯಾಜ್ಯಗಳ ಕಥೆ; ಕಪ್ಪು ಫಲಕ ಅದಕ್ಕೆ ಹೇಳಿ ಮಾಡಿಸಿದ ಸಾಧನ. ಇವುಗಳಲ್ಲಿ ಹಲವುಗಳಲ್ಲಿ ಮನುಷ್ಯರೇ ಇಲ್ಲ. ಕೊಳೆಗೇರಿಯ ಓಣಿ, ಸಂಜೆಯ ಖಾಲಿ ಹಜಾರ, ಮರಗಳ ನಡುವಿನ ಸಮಾಧಿಗೃಹ, ಇಷ್ಟೇ. ವ್ಯಕ್ತಿಗಳಿಗಿಂತ ವ್ಯವಸ್ಥೆ ದೊಡ್ಡದಾಗಿ ನಿಲ್ಲುವ ಕಾದಂಬರಿಯ ನೋಟ ಅಲ್ಲಿ ಪದಗಳಿಲ್ಲದೆ ಬಂದಿದೆ. ವಕೀಲ ಟಲ್ಕಿಂಗ್‌ಹಾರ್ನ್‌ನ ಕೊಲೆಯಾದಾಗ ಬ್ರೌನ್ ಶವವನ್ನು ತೋರಿಸುವುದಿಲ್ಲ. ಬರಿದಾದ ಕೋಣೆ, ಮೇಜು, ಚಾವಣಿಯಲ್ಲಿ ಬರೆದಿದ್ದ ರೋಮನ್ ಪುರುಷನ ಕೆಳಗೆ ಚಾಚಿದ ಬೆರಳು ಇಷ್ಟನ್ನೇ ಬರೆದು ಉಳಿದದ್ದನ್ನು ನೋಡುಗರಿಗೆ ಬಿಡುತ್ತಾನೆ.

ಅದೇ ಕಾದಂಬರಿಯಲ್ಲಿ ಚಿತ್ರಗಳು ಒಂದನ್ನೊಂದು ಕರೆಯುವ ಬಗೆಯೂ ಕಾಣುತ್ತದೆ. 1852ರ ಜುಲೈ ಸಂಚಿಕೆಯಲ್ಲಿ ಬೀದಿಹುಡುಗ ಜೋ, ವೇಷ ಮರೆಸಿಕೊಂಡು ಬಂದ ಲೇಡಿ ಡೆಡ್‌ಲಾಕ್‌ಗೆ ಸ್ಮಶಾನದ ಕಬ್ಬಿಣದ ಬಾಗಿಲಿನ ಆಚೆಗಿರುವ ಗೋರಿಯನ್ನು ತೋರಿಸುತ್ತಾನೆ. ವರ್ಷಕ್ಕೂ ಮಿಕ್ಕು ಕಳೆದ ಮೇಲೆ, 1853ರ ಆಗಸ್ಟ್‌ನಲ್ಲಿ, ಅದೇ ಸ್ಮಶಾನದ ಬಾಗಿಲಿನ ಮೆಟ್ಟಿಲ ಮೇಲೆ ಹೆಂಗಸೊಬ್ಬಳು ಬಿದ್ದಿರುವ ಚಿತ್ರ ಬರುತ್ತದೆ. ಈ ನಡುವೆ ನೂರಾರು ಪುಟಗಳನ್ನು ದಾಟಿ ಬಂದ ಓದುಗರಿಗೆ ಜಾಗದ ಗುರುತು ಹತ್ತಿಸುವುದು ಚಿತ್ರವೇ. ಆದರೆ ಬಿದ್ದವಳ ಮುಖ ಕಾಣದು. ಕಥೆ ಹೇಳುವ ಎಸ್ತರ್ ಅವಳನ್ನು ಬಡ ಹೆಂಗಸು ಜೆನ್ನಿ ಎಂದು ತಪ್ಪು ತಿಳಿದು ಹತ್ತಿರ ಹೋಗಿ ನೋಡಿದರೆ ತನ್ನ ಹೆತ್ತ ತಾಯಿ ಲೇಡಿ ಡೆಡ್‌ಲಾಕ್. ಚಿತ್ರ ಮುಂಚಿತವಾಗಿ ಕಂಡರೂ ಗುಟ್ಟು ಬಯಲಾಗದಂತೆ ಬ್ರೌನ್ ಕಾಪಾಡಿದ್ದಾನೆ. ಸಿಡುಬಿನಿಂದ ಎಸ್ತರ್‌ಳ ರೂಪ ಕೆಟ್ಟ ಬಳಿಕ ಅವಳ ಮುಖವನ್ನೂ ಅವನು ಬಹುಪಾಲು ಮರೆಮಾಡುತ್ತಾನೆ. ಎಷ್ಟು ಕಲೆ ಉಳಿಯಿತು ಎಂಬುದನ್ನು ಕಾದಂಬರಿ ಕೊನೆಯವರೆಗೂ ಖಚಿತಪಡಿಸುವುದಿಲ್ಲ. ಚಿತ್ರವೂ ಆ ಮೌನವನ್ನು ಗೌರವಿಸುತ್ತದೆ.

ಕ್ರೂಕ್‌ಶಾಂಕ್‌ನ ರೀತಿ ಬೇರೆ. ‘ಬೆಂಟ್ಲೀಸ್ ಮಿಸೆಲನಿ’ ಮಾಸಪತ್ರಿಕೆಯಲ್ಲಿ ‘ಆಲಿವರ್ ಟ್ವಿಸ್ಟ್’ (1837–39) ಬಂದಾಗ ತಿಂಗಳಿಗೊಂದು ಚಿತ್ರದಂತೆ ಅವನು ಇಪ್ಪತ್ತನಾಲ್ಕನ್ನು ಬರೆದ. ಆಲಿವರ್ ಕಿಟಕಿಯ ಬಳಿ ಅರೆನಿದ್ದೆಯಲ್ಲಿದ್ದಾಗ ಅವನ ಶತ್ರುಗಳಾದ ಫೇಗಿನ್ ಮತ್ತು ಮಾಂಕ್ಸ್ ಹೊರಗಿಂದ ಇಣುಕುವ ಪ್ರಸಂಗ ಬರಹದಲ್ಲಿ ಕನಸೋ ನಿಜವೋ ತಿಳಿಯದು. ಹುಡುಕಿದರೆ ಹೆಜ್ಜೆಗುರುತೂ ಸಿಗುವುದಿಲ್ಲ. ಕ್ರೂಕ್‌ಶಾಂಕ್ ಅವರಿಬ್ಬರನ್ನೂ ಕಿಟಕಿಯಲ್ಲಿ ಗಟ್ಟಿ ದೇಹದವರಾಗಿ ನಿಲ್ಲಿಸಿಬಿಟ್ಟ. ಬರಹ ತೆರೆದಿಟ್ಟ ಸಂದೇಹ ಚಿತ್ರದಲ್ಲಿ ಮುಚ್ಚಿಹೋಯಿತು. ಮರಣದಂಡನೆಯ ಕೋಣೆಯಲ್ಲಿ ಉಗುರು ಕಚ್ಚುತ್ತ ಕುಳಿತ ಅವನ ಫೇಗಿನ್ ಇಂಗ್ಲಿಷ್ ಚಿತ್ರಕಲೆಯ ಮರೆಯಲಾಗದ ಆಕೃತಿಗಳಲ್ಲಿ ಒಂದು. ಅದರ ಜೊತೆಗೇ ಯಹೂದಿಗಳ ಬಗೆಗಿನ ಕ್ರೂರ ಪೂರ್ವಗ್ರಹಕ್ಕೆ ಮೂಗುಮುಖ ಕೊಟ್ಟ ಆಕೃತಿಯೂ ಹೌದು. ಡಿಕನ್ಸ್ 1867ರ ಆವೃತ್ತಿಯ ಕೊನೆಯ ಭಾಗದಲ್ಲಿ ಫೇಗಿನ್‌ನನ್ನು ಯಹೂದಿ ಎಂದು ಕರೆಯುವ ಮಾತುಗಳನ್ನು ಬಹಳವಾಗಿ ತೆಗೆದುಹಾಕಿದ. ಚಿತ್ರಗಳು ಮಾತ್ರ ಬದಲಾಗದೆ ಉಳಿದು, ಲೇಖಕ ಹಿಂತೆಗೆದುಕೊಂಡದ್ದನ್ನು ಮುಂದಿನ ತಲೆಮಾರುಗಳಿಗೂ ದಾಟಿಸಿದವು. ಚಿತ್ರದ ಶಕ್ತಿಯನ್ನು ಹೊಗಳುವಾಗ ಈ ಹಾನಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಲೇಖಕನೂ ಚಿತ್ರಕಾರನೂ ಒಬ್ಬನೇ ಆದಾಗ ಏನಾಗುತ್ತದೆ ಎಂಬುದಕ್ಕೆ ಥ್ಯಾಕರೆಯ ‘ವ್ಯಾನಿಟಿ ಫೇರ್’ (1847–48) ದೊಡ್ಡ ಉದಾಹರಣೆ. ಇಡೀ ಪುಟದ ಉಕ್ಕಿನ ಫಲಕ, ಸಾಲುಗಳ ನಡುವಿನ ಮರದಚ್ಚು, ಅಧ್ಯಾಯದ ಮೊದಲ ಅಕ್ಷರವನ್ನೇ ಪುಟ್ಟ ದೃಶ್ಯವಾಗಿಸಿದ ಚಿತ್ರಾಕ್ಷರ ಮೂರನ್ನೂ ಅವನೇ ಬರೆದ. ಚಿತ್ರಾಕ್ಷರಗಳು ಮಕ್ಕಳ ಆಟದಂತೆ ಕಂಡರೂ ಒಂದೊಂದೂ ಅಧ್ಯಾಯದ ಮೇಲಿನ ಟೀಕೆ. ಸಾಹಸಿ ನಾಯಕಿ ಬೆಕಿ ಶಾರ್ಪ್ ದೇಶಭ್ರಷ್ಟಳಂತೆ ಅಲೆಯುವ ಭಾಗದ ಆರಂಭದಲ್ಲಿ ಅವಳು ನೆಪೋಲಿಯನ್ನನ ಉಡುಪಿನಲ್ಲಿ ಕಡಲಾಚೆಗೆ ಕಣ್ಣಿಟ್ಟಿದ್ದಾಳೆ. ಕಾದಂಬರಿಯ ನಿರೂಪಕನು ಬೆಕಿಯ ಕೆಲವು ತಪ್ಪುಗಳ ವಿಷಯದಲ್ಲಿ ನೇರ ತೀರ್ಪು ಕೊಡುವುದಿಲ್ಲ. ಕೊನೆಯಲ್ಲಿ ಜೋಸ್ ಸೆಡ್ಲಿ ಅವಳ ಭಯದಿಂದ ನಡುಗುತ್ತಾನೆ, ಸ್ವಲ್ಪ ಕಾಲದಲ್ಲೇ ಸಾಯುತ್ತಾನೆ, ಅವನ ವಿಮೆಯ ಹಣದಲ್ಲಿ ಅವಳಿಗೆ ಪಾಲು ಬರುತ್ತದೆ. ಅವಳೇ ಕೊಂದಳೇ? ಬರಹ ಹೇಳುವುದಿಲ್ಲ. ಚಿತ್ರದಲ್ಲಿ ಜೋಸ್ ತನ್ನ ಗೆಳೆಯ ಡಾಬಿನ್‌ನ ಮುಂದೆ ಅಂಗಲಾಚುತ್ತಿದ್ದಾನೆ. ಪರದೆಯ ಮರೆಯಲ್ಲಿ ಬೆಕಿ ಕೈಯಲ್ಲಿ ಏನನ್ನೋ ಹಿಡಿದು ನಿಂತಿದ್ದಾಳೆ. ಅಡಿಬರಹ ಅವಳನ್ನು ಗಂಡನನ್ನು ಕೊಂದ ಗ್ರೀಕ್ ರಾಣಿ ಕ್ಲೈಟೆಮ್ನೆಸ್ಟ್ರಾಳ ಪಾತ್ರದಲ್ಲಿ ಎರಡನೆಯ ಬಾರಿ ಕಾಣಿಸಿಕೊಂಡವಳೆಂದು ಕರೆಯುತ್ತದೆ. ಮೊದಲ ಬಾರಿ ಅವಳು ಆ ಪಾತ್ರ ವಹಿಸಿದ್ದು ಶ್ರೀಮಂತರ ಮನೆಯ ಮನರಂಜನೆಯ ಆಟದಲ್ಲಿ. ಎರಡನ್ನೂ ನೆನಪಿಟ್ಟವರಿಗೆ ಉತ್ತರ ಸಿಕ್ಕಂತೆಯೇ. ಚಿತ್ರಗಳನ್ನು ಬಿಟ್ಟು ಅಚ್ಚುಹಾಕಿದ ‘ವ್ಯಾನಿಟಿ ಫೇರ್’ ಆದ್ದರಿಂದ ಅಪೂರ್ಣ ಪಠ್ಯ.

ಬೇರೆಯವರ ಕೈಯಿಂದ ಚಿತ್ರ ಬರೆಸಿದ ಲೇಖಕರಿಗೆ ಇಂಥ ಹಿಡಿತ ಇರಲಿಲ್ಲ. ಕೆಲಸ ಗಡುವಿನೊಡನೆ ಓಡಬೇಕು. ಎಷ್ಟೋ ಸಲ ಅಧ್ಯಾಯ ಬರೆದು ಮುಗಿಯುವ ಮೊದಲೇ ಚಿತ್ರಕಾರನಿಗೆ ದೃಶ್ಯದ ವಿವರ ಹೋಗುತ್ತಿತ್ತು. ‘ಡೊಂಬಿ’ಯಲ್ಲಿ ಮಗು ಪಾಲ್ ಮತ್ತು ಮಿಸೆಸ್ ಪಿಪ್‌ಚಿನ್ ಬೆಂಕಿಗೂಡಿನ ಮುಂದಿರುವ ಚಿತ್ರವನ್ನು ಕಂಡು ಡಿಕನ್ಸ್ ಬಹಳ ನೊಂದುಕೊಂಡ. ಪಾಲ್ ಪುಟ್ಟ ಕೈಕುರ್ಚಿಯಲ್ಲಿ ಕೂತು ಆ ಮುದುಕಿಯನ್ನು ತಲೆಯೆತ್ತಿ ದಿಟ್ಟಿಸಬೇಕಿತ್ತು. ಬ್ರೌನ್ ಅವನನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿದ್ದ. ಕುರ್ಚಿಯ ಎತ್ತರ ಸಣ್ಣ ವಿವರವಲ್ಲ: ಮಗು ಕೆಳಗಿಂದ ನೋಡುವ ಲೋಕವೇ ಆ ಭಾಗದ ಜೀವ. ಕ್ರೂಕ್‌ಶಾಂಕ್ ಇನ್ನೂ ಮುಂದೆ ಹೋಗಿ, ಡಿಕನ್ಸ್ ತೀರಿಕೊಂಡ ಬಳಿಕ, ‘ಆಲಿವರ್ ಟ್ವಿಸ್ಟ್’ನ ಮೂಲ ಕಲ್ಪನೆಯೇ ತನ್ನದೆಂದು ಸಾರಿದ. ಆ ಹಕ್ಕುದಾವೆಯನ್ನು ವಿದ್ವಾಂಸರು ಸಾಮಾನ್ಯವಾಗಿ ಒಪ್ಪಿಲ್ಲ. ಆದರೆ ವಿಲಿಯಂ ಐನ್ಸ್‌ವರ್ತ್‌ನ ‘ಜ್ಯಾಕ್ ಶೆಪರ್ಡ್’ (1839–40) ಕುರಿತು, ಕಥೆಯನ್ನು ನಿಜವಾಗಿ ಸೃಷ್ಟಿಸಿದವನು ಕ್ರೂಕ್‌ಶಾಂಕ್, ಲೇಖಕ ಅದಕ್ಕೆ ಮಾತು ಜೋಡಿಸಿದ ಅಷ್ಟೆ ಎಂದು ಥ್ಯಾಕರೆಯೇ ಬರೆದಿದ್ದ. ಆ ಕಾದಂಬರಿ ರಂಗಕ್ಕೆ ಏರಿದಾಗ ನಟರು ಚಿತ್ರಗಳ ಭಂಗಿಯಲ್ಲೇ ನಿಂತು ದೃಶ್ಯವನ್ನು ಮರುರೂಪಿಸಿದ್ದೂ ಉಂಟು. ಜನರ ನೆನಪಿನಲ್ಲಿ ಕಥೆ ಚಿತ್ರವಾಗಿಯೇ ಕೂತಿತ್ತು.

1860ರ ದಶಕದಲ್ಲಿ ರುಚಿ ಬದಲಾಯಿತು. ಥ್ಯಾಕರೆಯ ಸಂಪಾದಕತ್ವದಲ್ಲಿ 1860ರ ಜನವರಿಯಲ್ಲಿ ಆರಂಭವಾದ ‘ಕಾರ್ನ್‌ಹಿಲ್ ಮ್ಯಾಗಜೀನ್’ ಮೊದಲ ಸಂಚಿಕೆಯಲ್ಲೇ ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಇಂಥ ಪತ್ರಿಕೆಗಳು ಮರದಚ್ಚನ್ನು ನೆಚ್ಚಿದವು. ಡಾಲ್ಜಿಯಲ್ ಸೋದರರು, ಜೋಸೆಫ್ ಸ್ವೇನ್ ಮುಂತಾದ ಕೆತ್ತನೆಗಾರರ ಕಾರ್ಯಾಗಾರಗಳು ಬೆಳೆದವು. ಹಾಸ್ಯಚಿತ್ರದ ಪರಂಪರೆಯ ಜಾಗಕ್ಕೆ ಚಿತ್ರಕಲಾಶಾಲೆಯಲ್ಲಿ ಪಳಗಿದವರು ಬಂದರು. ಆಂಟನಿ ಟ್ರಾಲಪ್‌ನ ಕಾದಂಬರಿಗಳಿಗೆ ಜಾನ್ ಎವರೆಟ್ ಮಿಲೇ, ಜಾರ್ಜ್ ಎಲಿಯಟ್‌ಳ ‘ರೊಮೊಲಾ’ಗೆ (1862–63) ಫ್ಲಾರೆನ್ಸ್ ನಗರವನ್ನು ಬಲ್ಲ ಫ್ರೆಡರಿಕ್ ಲೇಟನ್, ಎಲಿಜಬೆತ್ ಗ್ಯಾಸ್ಕೆಲ್‌ಳ ‘ವೈವ್ಸ್ ಅಂಡ್ ಡಾಟರ್ಸ್’ಗೆ (1864–66) ಜಾರ್ಜ್ ಡು ಮೋರಿಯೆ. ಇವರ ಚಿತ್ರಗಳಲ್ಲಿ ಗೋಡೆಯ ಪಟಗಳು ಮಾತಾಡುವುದಿಲ್ಲ. ಬಾಗಿದ ಕತ್ತು, ಬಿಗಿಹಿಡಿದ ಕೈ, ಇಬ್ಬರ ನಡುವೆ ಬಿಟ್ಟ ಅಂತರ ಇವೇ ಅರ್ಥವನ್ನು ಹೊರುತ್ತವೆ. ‘ಫ್ರಾಮ್ಲಿ ಪಾರ್ಸನೇಜ್’ನಲ್ಲಿ ಪ್ರೀತಿಸುವವನಿಗೆ ಇಲ್ಲವೆಂದು ಸುಳ್ಳು ಹೇಳಿ ಬಂದ ಲೂಸಿ, ಹಾಸಿಗೆಯ ಮೇಲೆ ಬಿದ್ದು ದುಃಖಿಸುವ ಮಿಲೇಯ ಚಿತ್ರದಲ್ಲಿ ಅವಳ ಅಗಲವಾದ ನೆರಿಗೆಯ ಉಡುಪೇ ಪುಟ ತುಂಬಿದೆ. ಟ್ರಾಲಪ್‌ಗೆ ಅದು ಮೊದಲು ಸರಿಬೀಳಲಿಲ್ಲ, ಆಮೇಲೆ ಅವನ ಅಭಿಪ್ರಾಯ ಬದಲಾಯಿತು. ಒಂದು ಕಾದಂಬರಿಯಿಂದ ಇನ್ನೊಂದಕ್ಕೆ ಪಾತ್ರಗಳನ್ನು ಕೊಂಡೊಯ್ಯುವಾಗ ಮಿಲೇಯ ಚಿತ್ರಗಳು ತನ್ನ ಮನಸ್ಸಿನಲ್ಲಿ ಅವರ ರೂಪವನ್ನು ಗಟ್ಟಿಗೊಳಿಸಿದವು ಎಂದು ಅವನು ಆತ್ಮಕಥೆಯಲ್ಲಿ ಕೃತಜ್ಞತೆಯಿಂದ ನೆನೆದಿದ್ದಾನೆ. ಎಲಿಯಟ್ ಹೆಚ್ಚು ಎಚ್ಚರದವಳು: ಚಿತ್ರ ಬರಹದ ನಕಲಾಗಲಾರದು, ಅದಕ್ಕೆ ಪೂರ್ವರಂಗವಷ್ಟೇ ಆಗಬಲ್ಲದು ಎಂಬುದು ಲೇಟನ್‌ನೊಡನೆ ಪತ್ರವ್ಯವಹಾರ ನಡೆಸಿದಾಗ ಅವಳು ತಲುಪಿದ ನಿಲುವು.

ಡಿಕನ್ಸ್‌ನ ಕೊನೆಯ ಕಾದಂಬರಿ ‘ದಿ ಮಿಸ್ಟರಿ ಆಫ್ ಎಡ್ವಿನ್ ಡ್ರೂಡ್’ನಲ್ಲಿ (1870) ಚಿತ್ರವೇ ಪುರಾವೆಯಾಯಿತು. ಹನ್ನೆರಡು ಕಂತುಗಳಲ್ಲಿ ಆರನ್ನಷ್ಟೇ ಬರೆದು 1870ರ ಜೂನ್ 9ರಂದು ಅವನು ತೀರಿಕೊಂಡ. ಡ್ರೂಡ್ ಕೊಲೆಯಾದನೇ, ಬದುಕಿದ್ದಾನೆಯೇ? ಅಳಿಯ ಚಾರ್ಲ್ಸ್ ಕಾಲಿನ್ಸ್ ರಚಿಸಿದ್ದ ಹೊದಿಕೆಯ ಕೆಳಭಾಗದಲ್ಲಿ ಲಾಂದ್ರ ಹಿಡಿದು ಕತ್ತಲ ಕೋಣೆಗೆ ಬಂದವನ ಮುಂದೆ ತರುಣನೊಬ್ಬ ನಿಂತಿದ್ದಾನೆ. ಅವನು ಡ್ರೂಡ್‌ನೋ, ವೇಷಧಾರಿ ಪತ್ತೇದಾರನೋ, ಕೊಲೆಗಾರನ ಮನಸ್ಸಿನ ಭ್ರಮೆಯೋ ಎಂದು ಚರ್ಚೆ ಇಂದಿಗೂ ನಿಂತಿಲ್ಲ. ಕಾಲಿನ್ಸ್ ಕಾಯಿಲೆ ಬಿದ್ದ ಮೇಲೆ ಒಳಗಿನ ಚಿತ್ರಗಳನ್ನು ಬರೆದವನು ಲ್ಯೂಕ್ ಫಿಲ್ಡ್ಸ್. ಕಥೆಯಲ್ಲಿ ಕೊಲೆಯ ಸಂಶಯಕ್ಕೆ ಒಳಗಾದ ಜ್ಯಾಸ್ಪರ್‌ನ ಕೊರಳವಸ್ತ್ರ ಎರಡು ಸುತ್ತು ಬರುವಷ್ಟು ಉದ್ದ ಏಕಿರಬೇಕು ಎಂದು ತಾನು ಕೇಳಿದಾಗ, ಅದರಿಂದಲೇ ಡ್ರೂಡ್‌ನ ಕುತ್ತಿಗೆ ಬಿಗಿಯಲಿದ್ದಾನೆ ಎಂದು ಡಿಕನ್ಸ್ ಗುಟ್ಟಾಗಿ ತಿಳಿಸಿದ್ದಾಗಿ ಫಿಲ್ಡ್ಸ್ 1905ರಲ್ಲಿ ಬಹಿರಂಗಪಡಿಸಿದ.

ಎಲ್ಲ ಧಾರಾವಾಹಿಗಳಲ್ಲೂ ಚಿತ್ರವಿರಲಿಲ್ಲ. ಡಿಕನ್ಸ್ ಸಂಪಾದಿಸಿದ ‘ಹೌಸ್‌ಹೋಲ್ಡ್ ವರ್ಡ್ಸ್’, ‘ಆಲ್ ದಿ ಇಯರ್ ರೌಂಡ್’ ವಾರಪತ್ರಿಕೆಗಳು ಚಿತ್ರರಹಿತ. ವಿಲ್ಕಿ ಕಾಲಿನ್ಸ್‌ನ ‘ದಿ ವುಮನ್ ಇನ್ ವೈಟ್’ (1859–60) ಬ್ರಿಟನ್ನಿನ ಓದುಗರಿಗೆ ಬರಿಯ ಅಕ್ಷರದಲ್ಲಿ ದೊರೆಯಿತು. ಅದೇ ಹೊತ್ತಿಗೆ ನ್ಯೂಯಾರ್ಕಿನ ‘ಹಾರ್ಪರ್ಸ್ ವೀಕ್ಲಿ’ಯಲ್ಲಿ ಜಾನ್ ಮೆಕ್ಲೆನನ್‌ನ ಚಿತ್ರಗಳೊಂದಿಗೆ ಬಂತು. ಇಬ್ಬರು ಹೆಂಗಸರ ಹೋಲಿಕೆಯ ಮೇಲೆಯೇ ನಿಂತ ಕಥೆ ಅದು. ಲಂಡನ್ನಿನ ಓದುಗರು ಊಹಿಸಿಕೊಂಡ ಮುಖಗಳನ್ನು ಅಮೆರಿಕದವರು ಕಣ್ಣಾರೆ ಕಂಡರು. ಹೀಗೆ ಒಂದೇ ಬರಹದಿಂದ ಎರಡು ಬೇರೆ ಓದುಗಳಾದವು.

ಶತಮಾನದ ಕೊನೆಗೆ ಪದ್ಧತಿ ಸಡಿಲವಾಯಿತು. ಥಾಮಸ್ ಹಾರ್ಡಿಯ ‘ಫಾರ್ ಫ್ರಮ್ ದಿ ಮ್ಯಾಡಿಂಗ್ ಕ್ರೌಡ್’ಗೆ (1874) ಹೆಲೆನ್ ಪ್ಯಾಟರ್ಸನ್ ಬರೆದ ಚಿತ್ರಗಳು ಅವನಿಗೆ ತುಂಬ ಮೆಚ್ಚುಗೆಯಾಗಿದ್ದವು. ‘ದಿ ಗ್ರಾಫಿಕ್’ ಪತ್ರಿಕೆಯಲ್ಲಿ ‘ಟೆಸ್’ (1891) ಬಂದಾಗ ಹ್ಯೂಬರ್ಟ್ ಹರ್ಕೊಮರ್ ಮತ್ತು ಅವನ ಶಿಷ್ಯರು ಕೆಲಸ ಹಂಚಿಕೊಂಡದ್ದರಿಂದ ನಾಯಕಿಯ ಮುಖ ಚಿತ್ರದಿಂದ ಚಿತ್ರಕ್ಕೆ ಬೇರೆಯಾಯಿತು. ಛಾಯಾಚಿತ್ರ ಆಧಾರಿತ ಮುದ್ರಣ ಬಂದು ಮರದಚ್ಚು ಹಿಂದೆ ಸರಿಯಿತು. ಗಂಭೀರ ಕಾದಂಬರಿ ತನ್ನ ಮಾತಿನ ಬಲದಿಂದಲೇ ನಿಲ್ಲಬೇಕು ಎಂಬ ಹೆನ್ರಿ ಜೇಮ್ಸ್‌ನಂಥವರ ವಾದ ಗಟ್ಟಿಯಾಗಿ, ಚಿತ್ರ ಮಕ್ಕಳ ಪುಸ್ತಕಗಳತ್ತ, ಜನಪ್ರಿಯ ಕಥೆಗಳತ್ತ ಹೊರಳಿತು. ಇಪ್ಪತ್ತನೆಯ ಶತಮಾನದ ಅಗ್ಗದ ಮರುಮುದ್ರಣಗಳಲ್ಲಿ ಎಷ್ಟೋ ಚಿತ್ರಗಳು ಕಾಣೆಯಾದವು.

ವಿದ್ವತ್ತಿನ ಗಮನ ಮತ್ತೆ ಇತ್ತ ತಿರುಗಿದ್ದು 1970ರ ಸುಮಾರಿಗೆ. ಆ ವರ್ಷ ಜಾನ್ ಹಾರ್ವಿಯ ಅಧ್ಯಯನವೂ ಡಿಕನ್ಸ್‌ನ ಚಿತ್ರಗಳ ಬಗ್ಗೆ ಕ್ಯೂ. ಡಿ. ಲೀವಿಸ್ ಬರೆದ ಅಧ್ಯಾಯವೂ ಹೊರಬಂದವು. 1978ರಲ್ಲಿ ಮೈಕೆಲ್ ಸ್ಟೈಗ್ ಬ್ರೌನ್‌ನ ಚಿತ್ರಗಳ ಸಂಕೇತಗಳನ್ನು ಒಂದೊಂದಾಗಿ ಬಿಡಿಸಿ ತೋರಿಸಿದ. ಮೇರಿ ಎಲಿಜಬೆತ್ ಲೇಟನ್ ಮತ್ತು ಲೀಸಾ ಸರಿಡ್ಜ್ 2019ರ ತಮ್ಮ ಗ್ರಂಥದಲ್ಲಿ ಸಂಚಿಕೆಯ ರೂಪವನ್ನೇ ಓದಿನ ಘಟಕವಾಗಿ ಹಿಡಿದು, ಚಿತ್ರ ಎಲ್ಲಿ, ಯಾವ ಕ್ರಮದಲ್ಲಿ ಕಣ್ಣಿಗೆ ಬೀಳುತ್ತಿತ್ತು ಎಂಬುದರ ಮೇಲೆ ಕಥಾನಕದ ವಿಶ್ಲೇಷಣೆಯನ್ನು ಕಟ್ಟಿದರು. ಈಗಿನ ಒಳ್ಳೆಯ ಆವೃತ್ತಿಗಳು ಚಿತ್ರಗಳನ್ನು ಮರಳಿ ಸೇರಿಸುತ್ತವೆ. ಆದರೆ ಬಹುಪಾಲು ಅವನ್ನು ಆಯಾ ದೃಶ್ಯದ ಪಕ್ಕದಲ್ಲಿ ಇಡುವುದರಿಂದ, ಓದಿಗೆ ಮೊದಲೇ ಚಿತ್ರ ನೋಡುವ ಮೂಲದ ಕ್ರಮ ಸಂಚಿಕೆಗಳ ಯಥಾಪ್ರತಿಗಳಲ್ಲಿ ಮಾತ್ರ ದೊರೆಯುತ್ತದೆ.